ತೂಬಿನ ಸದ್ದು: ಒಂದು ಬಾನುಲಿ ರೂಪಕವನ್ನು ರಚಿಸಿದ ಅನುಭವ

ಕಾಲೇಜಿಗೆ ಸೇರಿದ ಈ ಮೂರು ವರ್ಷಗಳಲ್ಲಿ ನಾನು ಎಷ್ಟು ಹಾಳೆ ಬರೆದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಕಿರುಪರೀಕ್ಷೆಯ ಉತ್ತರಗಳು, ಪ್ರಬಂಧಗಳು, ಗೋಷ್ಠಿಗೆಂದು ಸಿದ್ಧಪಡಿಸಿದ ಟಿಪ್ಪಣಿಗಳು ಎಲ್ಲವೂ ನಮ್ಮ ಮನೆಯ ಅಟ್ಟದ ಮೇಲೆ ಒಂದು ಗಂಟಾಗಿ ಕುಳಿತಿವೆ. ಅವುಗಳಲ್ಲಿ ಒಂದನ್ನೂ ಮನೆಯವರು ಓದಿಲ್ಲ. ತಾತನಿಗೂ ಅಮ್ಮನಿಗೂ ಅಕ್ಷರ ಬಾರದು. ಅಪ್ಪನಿಗೆ ಬಸ್ಸಿನ ಬೋರ್ಡು ಓದಿಕೊಳ್ಳುವಷ್ಟು ಬರುತ್ತದೆ. ಅಂತಿಮ ಬಿ.ಎ. ತರಗತಿಯಲ್ಲಿ ಪತ್ರಿಕೋದ್ಯಮ ವಿಷಯಕ್ಕಾಗಿ ನಾವು ನಾಲ್ವರು ಸೇರಿ ರಚಿಸಿದ ಹದಿನೈದು ನಿಮಿಷದ ಬಾನುಲಿ ರೂಪಕವೊಂದು ಮಾತ್ರ ಆ ಗಂಟಿಗೆ ಸೇರಲಿಲ್ಲ. ಅದನ್ನು ಮನೆಯವರು ಕೇಳಿದರು. ಕೇಳಿ ತಪ್ಪು ಹಿಡಿದರು. ಆ ತಪ್ಪುಗಳ ವಿಚಾರವನ್ನೇ ಇಲ್ಲಿ ಮುಖ್ಯವಾಗಿ ಹೇಳಹೊರಟಿದ್ದೇನೆ. ಮುಂದಿನ ವರ್ಷ ಇದೇ ಕೆಲಸಕ್ಕೆ ಕೈಹಾಕಲಿರುವ ಕಿರಿಯ ಮಿತ್ರರಿಗೆ ಒಂದೆರಡು ಉಪಯೋಗದ ಸಂಗತಿಗಳೂ ಇದರಲ್ಲಿ ದೊರೆತಾವು.

ಬಾನುಲಿ ರೂಪಕವೆಂದರೆ ನಾಟಕವಲ್ಲ, ವಾರ್ತೆಯೂ ಅಲ್ಲ. ನಿಜವಾಗಿ ನಡೆದ ಅಥವಾ ನಡೆಯುತ್ತಿರುವ ಸಂಗತಿಯೊಂದನ್ನು ತೆಗೆದುಕೊಂಡು, ಅದನ್ನು ಬಲ್ಲವರ ಮಾತು, ಆ ಸ್ಥಳದ ಸದ್ದು, ನಿರೂಪಕನ ವಿವರಣೆ ಈ ಮೂರನ್ನೂ ಹೆಣೆದು ಕಿವಿಯ ಮುಂದೆ ಇಡುವ ಬಗೆ ಅದು. ನಟರಿಂದ ಆಡಿಸುವ ರೂಪಕಗಳೂ ಉಂಟು; ನಾವು ಆಯ್ದುಕೊಂಡದ್ದು ಸಾಕ್ಷ್ಯರೂಪಕ. ನಾಟಕದಲ್ಲಿ ಬರೆದ ಮಾತನ್ನು ಆಡಿಸುತ್ತಾರೆ. ಇದರಲ್ಲಿ ಆಡಿದ ಮಾತನ್ನು ಆಯ್ದು ಜೋಡಿಸುತ್ತಾರೆ. ಆಯುವುದೆಂದರೆ ಕೆಲವನ್ನು ಬಿಡುವುದೂ ಹೌದು ಎಂಬುದು ಆಗ ನಮಗೆ ಅಷ್ಟಾಗಿ ಹೊಳೆದಿರಲಿಲ್ಲ.

ಕಾಲೇಜಿನವರು ಬಾನುಲಿಯ ಕೆಲಸಕ್ಕೆ ಕೈಹಾಕುವುದು ಕನ್ನಡನಾಡಿಗೆ ಹೊಸದೇನಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ೩೦ ವ್ಯಾಟ್ ಶಕ್ತಿಯ ಪ್ರಸಾರಯಂತ್ರವನ್ನಿಟ್ಟು ಬಾನುಲಿ ಕೇಂದ್ರವನ್ನು ಆರಂಭಿಸಿದರು. ೩೦ ವ್ಯಾಟ್ ಎಂದರೆ ಒಂದು ಸಣ್ಣ ಬಲ್ಬು ಉರಿಯುವಷ್ಟು ಶಕ್ತಿ. ಆ ಕೇಂದ್ರಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರನ್ನೇ ೧೯೫೦ರ ದಶಕದಲ್ಲಿ ಭಾರತದ ಬಾನುಲಿ ಸಂಸ್ಥೆ ತನ್ನದಾಗಿಸಿಕೊಂಡಿತು. ೨೦೨೩ರಲ್ಲಿ ಆಂಗ್ಲ ಹೆಸರನ್ನು ಕೈಬಿಟ್ಟು ಇದೊಂದನ್ನೇ ಉಳಿಸಿಕೊಂಡಿತು.

ಇದಕ್ಕಿಂತ ನಮಗೆ ಹತ್ತಿರದ ಉದಾಹರಣೆ ಬೂದಿಕೋಟೆಯದು. ಬಂಗಾರಪೇಟೆ ತಾಲ್ಲೂಕಿನ ಆ ಊರು ಹೈದರಾಲಿಯ ಜನ್ಮಸ್ಥಳವೆಂದು ಚಿಕ್ಕಂದಿನಿಂದ ಕೇಳಿದ್ದೆವು. ೨೦೦೧ರಲ್ಲಿ ಅಲ್ಲಿ 'ನಮ್ಮ ಧ್ವನಿ' ಎಂಬ ಊರವರದೇ ಆದ ಧ್ವನಿಕೇಂದ್ರ ಹುಟ್ಟಿತೆಂಬುದು ಅಧ್ಯಾಪಕರು ಹೇಳುವವರೆಗೆ ತಿಳಿದಿರಲಿಲ್ಲ. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ ೧೯೯೫ರಲ್ಲಿಯೇ ಹೇಳಿದ್ದರೂ ಹಳ್ಳಿಯವರಿಗೆ ಪ್ರಸಾರದ ಪರವಾನಗಿ ಸಿಗುವಂತಿರಲಿಲ್ಲ. ಆದುದರಿಂದ ಬೂದಿಕೋಟೆಯವರು ಆಕಾಶವನ್ನು ಬಿಟ್ಟು ತಂತಿಯನ್ನು ಹಿಡಿದರು. ಕೇಬಲ್ ಎಳೆದು ತಮ್ಮ ಕಾರ್ಯಕ್ರಮಗಳನ್ನು ಮನೆಮನೆಗೆ ಮುಟ್ಟಿಸಿದರು. ಸ್ವಸಹಾಯ ಸಂಘದ ಹೆಂಗಸರೇ ಅಲ್ಲಿ ಮೈಕು ಹಿಡಿದವರು. ಸಮುದಾಯ ಸಂಸ್ಥೆಗಳಿಗೆ ಪರವಾನಗಿ ಕೊಡುವ ನೀತಿ ಬಂದದ್ದು ೨೦೦೬ರಲ್ಲಿ. ಈ ಪಾಠ ಕೇಳಿದ ದಿನವೇ ನಮ್ಮ ಗುಂಪಿನವರು ಚಲನಚಿತ್ರದ ಯೋಚನೆಯನ್ನು ಬಿಟ್ಟು ಧ್ವನಿಯ ಕಡೆಗೆ ಒಲಿದೆವು. (ನಮ್ಮಲ್ಲಿ ಒಬ್ಬನ ಬಳಿ ಮಾತ್ರ ಒಳ್ಳೆಯ ಕ್ಯಾಮೆರಾ ಇದ್ದ ಮೊಬೈಲು ಇತ್ತೆಂಬುದೂ ಒಂದು ಕಾರಣ.)

ವಿಷಯವನ್ನು ಸೂಚಿಸಿದವಳು ನಮ್ಮ ಗುಂಪಿನ ಗೆಳತಿ. "ಕೆರೆಯ ಬಗ್ಗೆ ಮಾಡೋಣ. ಕೋಲಾರದವರು ನೀರು ಬಿಟ್ಟು ಬೇರೆ ಏನು ಮಾತಾಡಿದರೂ ಸುಳ್ಳು" ಎಂದಳು. ಮಾತು ನಿಜ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾಲಾರ್ ನದಿ ನಕ್ಷೆಯಲ್ಲಿ ನೀಲಿಯಾಗಿ ಕಾಣುತ್ತದೆ, ಹೋಗಿ ನೋಡಿದರೆ ಮರಳು. ಹಿಂದಿನವರು ಇದಕ್ಕೆಂದೇ ಸಾವಿರಾರು ಕೆರೆಗಳನ್ನು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಣಿಯಾಗಿ ಕಟ್ಟಿದರು. ಆಮೇಲೆ ಕೊಳವೆಬಾವಿ ಬಂದವು, ಸಾವಿರ ಅಡಿಯನ್ನೂ ದಾಟಿದವು. ೨೦೧೮ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ, ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಆ ನೀರು ಅಂತರ್ಜಲಕ್ಕೆ ಇಂಗಲೆಂದು ಇರುವುದು. ತೂಬೆತ್ತಿ ಗದ್ದೆಗೆ ಹರಿಸುವಂತಿಲ್ಲ. ಹೀಗಾಗಿ ನೀರಿರುವ ಕೆರೆಯಲ್ಲಿಯೂ ತೂಬು ಮುಚ್ಚಿಯೇ ಇದೆ. ಈ ವಿಚಿತ್ರವೇ ನಮ್ಮ ರೂಪಕಕ್ಕೆ ಬೀಜವಾಯಿತು. ತೂಬನ್ನು ಎತ್ತುತ್ತಿದ್ದ ನೀರುಗಂಟಿಯೊಬ್ಬ ಸಿಕ್ಕಿದರೆ ಅವನ ಮಾತಿನಲ್ಲಿಯೇ ಕೆರೆಯ ಕಥೆಯನ್ನು ಹೇಳಿಸಬಹುದು ಎಂದು ತೀರ್ಮಾನವಾಯಿತು.

ನೀರುಗಂಟಿಯನ್ನು ಹುಡುಕಲು ಎರಡು ದಿನ ಓಡಾಡಿದೆವು. ಆ ಎರಡು ದಿನವೂ ನಾನು ಬಾಯಿಬಿಡಲಿಲ್ಲ. ನನ್ನ ತಾತನೇ ನಮ್ಮೂರ ಕೊನೆಯ ನೀರುಗಂಟಿ.

ಇದನ್ನು ಏಕೆ ಮುಚ್ಚಿಟ್ಟೆನೆಂದರೆ, ಆ ಕೆಲಸದ ಹೆಸರಿನೊಂದಿಗೆ ಅದನ್ನು ಮಾಡುವವರು ಊರಿನ ಯಾವ ಕಡೆಗೆ ಇರುತ್ತಾರೆಂಬುದೂ ತಾನಾಗಿಯೇ ತಿಳಿದುಹೋಗುತ್ತದೆ. ಕಾಲೇಜಿನಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹನ್ನೆರಡು ಆಯಗಾರರ ಪಟ್ಟಿಯಲ್ಲಿ ನೀರುಗಂಟಿ ಒಬ್ಬ ಎಂದು ಇತಿಹಾಸದ ಪ್ರಶ್ನೆಪತ್ರಿಕೆಯಲ್ಲಿ ಬರೆದು ಅಂಕ ಪಡೆದಿದ್ದವನಿಗೆ, ಆ ಮನೆ ನಮ್ಮದೇ ಎನ್ನಲು ಎರಡು ದಿನ ಬೇಕಾಯಿತು. ಮೂರನೆಯ ದಿನ ಹೇಳಿದೆ. ಗೆಳೆಯರು ವಿಶೇಷವೇನೂ ಮಾತಾಡಲಿಲ್ಲ. "ಎರಡು ದಿನ ಬಿಸಿಲಲ್ಲಿ ಅಲೆಸಿದೆಯಲ್ಲ" ಎಂದು ಒಬ್ಬ ಬೈದ, ಅಷ್ಟೆ.

ಪರಂಪರೆಯ ಗ್ರಾಮಹುದ್ದೆಗಳನ್ನು ರದ್ದುಮಾಡುವ ಕಾಯಿದೆ ನಮ್ಮ ರಾಜ್ಯದಲ್ಲಿ ೧೯೬೧ರಲ್ಲಿ ಬಂದಿತು. ಕಾಗದದಲ್ಲಿ ಹುದ್ದೆ ಹೋದರೂ ಕೆರೆಯಲ್ಲಿ ನೀರಿರುವವರೆಗೆ ನೀರುಗಂಟಿ ಬೇಕೇ ಬೇಕಷ್ಟೆ. ತಾತ ಹುಡುಗನಾಗಿದ್ದಾಗಲೇ ತನ್ನ ಅಪ್ಪನ ಜೊತೆ ಏರಿಯ ಮೇಲೆ ಓಡಾಡಿದವನು. ನಮ್ಮೂರ ತೂಬು ಹಳೆಯ ಕಾಲದ್ದು: ಏರಿಯಿಂದ ತುಸು ಒಳಗೆ ನೀರಿನ ನಡುವೆ ಎರಡು ಕಲ್ಲುಕಂಬ, ನಡುವೆ ಅಡ್ಡಕಲ್ಲು, ಅದರ ಕೆಳಗೆ ಹಾಸುಗಲ್ಲಿನಲ್ಲಿ ಒಂದು ಗುಂಡಿ, ಆ ಗುಂಡಿಗೆ ಮರದ ಬಿರಡೆ. ಕೆರೆ ತುಂಬಿದ್ದಾಗ ಈಜಿಕೊಂಡು ಹೋಗಿ ಬಿರಡೆಯನ್ನು ಎತ್ತಬೇಕು. ಎಷ್ಟು ಎತ್ತಬೇಕೆಂಬುದರಲ್ಲಿಯೇ ವಿದ್ಯೆ ಇರುವುದು. ನಾಟಿಯ ಹೊತ್ತಿಗೆ ಒಂದು ಲೆಕ್ಕ, ಪೈರು ತೆನೆಯೊಡೆಯುವಾಗ ಒಂದು ಲೆಕ್ಕ, ಹಾಲುಗಾಳು ಕಟ್ಟುವಾಗ ಇನ್ನೊಂದು. ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಮೊದಲು ನೀರು ಮುಟ್ಟಿಸಿ ಆಮೇಲೆ ಮೇಲಕ್ಕೆ ಬರಬೇಕೆಂದು ತಾತ ಹೇಳಿದಾಗ ನಮ್ಮ ಗೆಳತಿಗೆ ಬಹಳ ಆಶ್ಚರ್ಯವಾಯಿತು. "ಮೊದಲ್ನೇ ಗದ್ದೆಯೋನು ಹೆಂಗಿದ್ರೂ ಕದೀತಾನೆ, ಅವ್ನಿಗೆ ಯಾಕೆ ಬಿಡೋದು?" ಎಂಬುದು ತಾತನ ನ್ಯಾಯ.

ಧ್ವನಿಮುದ್ರಣದ ವಿಚಾರವಾಗಿ ಕೆಲವು ಮಾತು. ನಮ್ಮ ಬಳಿ ಇದ್ದುದು ಮೊಬೈಲುಗಳೇ. ಅವುಗಳಿಂದಲೂ ಒಳ್ಳೆಯ ಕೆಲಸ ತೆಗೆಯಬಹುದು, ಆದರೆ ನಾಲ್ಕು ಎಚ್ಚರ ಬೇಕು. ಮಾತಾಡುವವರ ಬಾಯಿಂದ ಒಂದು ಗೇಣು ದೂರದಲ್ಲಿ, ನೇರಕ್ಕೆ ಹಿಡಿಯದೆ ತುಸು ಓರೆಯಾಗಿ ಹಿಡಿದರೆ ಉಸಿರು ಬಡಿಯುವುದಿಲ್ಲ. ಬಯಲಿನಲ್ಲಿ ಗಾಳಿಯ ಕಾಟಕ್ಕೆ ಹಳೆಯ ಉಣ್ಣೆಯ ಕಾಲುಚೀಲವನ್ನು ತೊಡಿಸಿದರೆ ಸಾಕು. ಕರೆ ಬಾರದಂತೆ ಮೊದಲೇ ಮುಚ್ಚಬೇಕು. ಇಲ್ಲವಾದರೆ ಹೇಳುವವರು ಕಣ್ಣೀರು ಒರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಯಾರೋ ಸಾಲ ಬೇಕೇ ಎಂದು ಕೇಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರತಿ ಸ್ಥಳದಲ್ಲಿಯೂ ಯಾರೂ ಮಾತಾಡದೆ ಒಂದು ನಿಮಿಷದ ಮೌನವನ್ನು ಮುದ್ರಿಸಿಕೊಳ್ಳಬೇಕು. ಯಾವ ಎರಡು ಜಾಗದ ಮೌನವೂ ಒಂದೇ ತೆರನಲ್ಲ. ಏರಿಯ ಮೇಲೆ ಆಡಿದ ಎರಡು ಮಾತುಗಳ ನಡುವೆ ಕೋಣೆಯ ಮೌನವನ್ನು ಅಂಟಿಸಿದರೆ ಕಿವಿಗೆ ತೇಪೆ ಹಾಕಿದಂತಾಗುತ್ತದೆ.

ನಿರೂಪಣೆಯ ಭಾಗವನ್ನು ಓದಿದವಳು ಗೆಳತಿ. ಸದ್ದಿಲ್ಲದ ಜಾಗಕ್ಕಾಗಿ ಊರೆಲ್ಲ ಹುಡುಕಿ, ಕೊನೆಗೆ ಸಂಬಂಧಿಕರೊಬ್ಬರ ರೇಷ್ಮೆಹುಳು ಮನೆಯ ಪಕ್ಕದ ಕೋಣೆಯನ್ನು ಹಿಡಿದೆವು. ದಪ್ಪ ಮಣ್ಣಿನ ಗೋಡೆ, ಕಿಟಕಿ ಒಂದೇ. ಓದಿ ಮುಗಿಸಿ ಹೆಡ್‌ಫೋನಿನಲ್ಲಿ ಕೇಳಿದರೆ ಮಾತಿನ ಹಿಂದೆ ಜಿನುಗು ಮಳೆ! ಹೊರಗೆ ರಣಬಿಸಿಲು. ನಾಲ್ಕನೆಯ ಜ್ವರದಿಂದೆದ್ದ ಹುಳುಗಳು ಗೋಡೆಯಾಚೆ ಹಿಪ್ಪುನೇರಳೆ ಸೊಪ್ಪನ್ನು ಮೇಯುತ್ತಿದ್ದ ಸದ್ದು ಅದು. ಹುಳು ಸಾಕುವವರಿಗೆಲ್ಲ ಗೊತ್ತಿರುವ ಸಂಗತಿ, ನಮಗೆ ಮಾತ್ರ ನೆನಪಾಗಲಿಲ್ಲ. ಒಂದು ಮಧ್ಯಾಹ್ನದ ಶ್ರಮ ವ್ಯರ್ಥವಾಗಿ, ಮರುದಿನ ಹೊದಿಕೆಗಳನ್ನು ಇಳಿಬಿಟ್ಟ ನಮ್ಮ ಮನೆಯ ಮೂಲೆಯಲ್ಲಿ ಮತ್ತೆ ಓದಿಸಿದೆವು.

ಹೀಗೆ ಎಂಟು ದಿನಗಳಲ್ಲಿ ಕೂಡಿದ್ದು ೪ ಗಂಟೆ ೨೦ ನಿಮಿಷದ ಧ್ವನಿ. ಬೇಕಾದದ್ದು ೧೫ ನಿಮಿಷ. ಎಷ್ಟನೆಯ ನಿಮಿಷದಲ್ಲಿ ಯಾರು ಏನು ಹೇಳಿದರೆಂದು ಹಾಳೆಯ ಮೇಲೆ ಬರೆದುಕೊಳ್ಳುವುದಕ್ಕೇ ಮೂರು ರಾತ್ರಿ ಹಿಡಿಯಿತು. ಈ ಹಾಳೆ ಬರೆಯಲು ಬೇಸರಪಟ್ಟ ಇನ್ನೊಂದು ಗುಂಪಿನವರು ಕೊನೆಯ ವಾರ ಪಟ್ಟ ಪಾಡನ್ನು ಇಲ್ಲಿ ಹೇಳಲಾರೆ.

ಇನ್ನು ಸಂಕಲನ. ಹಿಂದೆ ಆಕಾಶವಾಣಿಯಲ್ಲಿ ಕಾಂತದ ಧ್ವನಿಸುರುಳಿಯನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟುಪಟ್ಟಿಯಿಂದ ಜೋಡಿಸುತ್ತಿದ್ದರು. ಸೆಕೆಂಡಿಗೆ ೧೫ ಅಂಗುಲದ ವೇಗದಲ್ಲಿ ಸುರುಳಿ ಓಡುತ್ತಿದ್ದರೆ ಹದಿನೈದು ನಿಮಿಷದ ರೂಪಕಕ್ಕೆ ೧೧೨೫ ಅಡಿ ಸುರುಳಿ ಬೇಕು. ಲೆಕ್ಕ ಹಾಕಿ ನೋಡಿದಾಗ ನಮ್ಮೂರ ಕೊಳವೆಬಾವಿಯ ಆಳಕ್ಕೆ ಹೆಚ್ಚುಕಡಮೆ ಸರಿಹೋಯಿತೆಂದು ನಕ್ಕೆವು. ಕತ್ತರಿಸಿದ ತುಂಡು ಆಗ ನೆಲದ ಮೇಲೆ ಬೀಳುತ್ತಿತ್ತು. ಬೇಕೆನಿಸಿದರೆ ಎತ್ತಿಕೊಳ್ಳಬಹುದಾಗಿತ್ತು, ಬೇರೆಯವರ ಕಣ್ಣಿಗೂ ಬೀಳುತ್ತಿತ್ತು. ನಾವು ಬಳಸಿದ್ದು ಕಾಲೇಜಿನ ಕಂಪ್ಯೂಟರಿನಲ್ಲಿದ್ದ 'ಆಡಾಸಿಟಿ' ಎಂಬ ಉಚಿತ ತಂತ್ರಾಂಶ. ಅದರಲ್ಲಿ ಧ್ವನಿ ಬೆಟ್ಟಸಾಲಿನಂತೆ ಕಾಣುತ್ತದೆ. ಬೇಡದ ಬೆಟ್ಟಕ್ಕೆ ಗೆರೆ ಎಳೆದು ಒಂದು ಗುಂಡಿ ಒತ್ತಿದರೆ ಎರಡು ಬದಿಯ ಬೆಟ್ಟಗಳು ಕೂಡಿಕೊಳ್ಳುತ್ತವೆ, ಮಧ್ಯೆ ಏನಿತ್ತೆಂಬ ಗುರುತೂ ಉಳಿಯುವುದಿಲ್ಲ.

ನಾನು ಹಾಗೆ ೪೮ ಸೆಕೆಂಡು ತೆಗೆದುಹಾಕಿದೆ. ಗೆಳೆಯರು ಊಟಕ್ಕೆ ಹೋಗಿದ್ದಾಗ.

ತಾತ ಆಯದ ವಿಚಾರ ಹೇಳಿದ್ದ ಭಾಗವದು. ಸುಗ್ಗಿಯಲ್ಲಿ ನೀರುಗಂಟಿಗೆ ಪ್ರತಿಯೊಬ್ಬ ರೈತನ ಕಣದಲ್ಲಿಯೂ ಭತ್ತ ಕೊಡುವ ಪದ್ಧತಿ. ತಾತನ ಮಾತು ಹೀಗಿತ್ತು: "ಕಣದೊಳ್ಕೆ ಹೋಗಂಗಿರ್ಲಿಲ್ಲ. ಬದೀನಾಗೆ ನಿಂತ್ಕೊಬೇಕು. ಎಲ್ರುದೂ ಅಳೆದಾದ್ಮೇಲೆ ಕರೀತಿದ್ರು. ಟವಲ್ ಹಾಸಿದ್ರೆ ದೂರದಿಂದ್ಲೇ ಒಂದು ಮೊರ ಸುರಿಯೋರು. ನೀರು ಬಿಟ್ಟೋನು ನಾನೇ, ಆದ್ರೂ ಕೊನೇನಾಗೆ." ಇದನ್ನು ಹೇಳುವಾಗ ಅವನ ಧ್ವನಿಯಲ್ಲಿ ದುಃಖವೇನೂ ಇರಲಿಲ್ಲ, ಬಿಸಿಲು ಮಳೆಯ ವಿಚಾರ ಹೇಳಿದಂತೆ ಹೇಳಿದ್ದ. ಆದರೆ ಕಾಲೇಜಿನ ಸಭಾಂಗಣದಲ್ಲಿ ಧ್ವನಿವರ್ಧಕದಿಂದ ಅದು ಹೊರಬರುವುದನ್ನು ನೆನೆಸಿಕೊಂಡಾಗ ನನ್ನ ಮೈ ಬೆವರಿತು. ಕೆರೆಯ ವಿಷಯಕ್ಕೆ ಇದು ಅಷ್ಟಾಗಿ ಸೇರದೆಂದು ನನಗೆ ನಾನೇ ಹೇಳಿಕೊಂಡು ಗುಂಡಿ ಒತ್ತಿದೆ. ಸುರುಳಿಯ ಕಾಲದಲ್ಲಾಗಿದ್ದರೆ ೪೮ ಸೆಕೆಂಡೆಂದರೆ ಅರವತ್ತು ಅಡಿ. ಅರವತ್ತು ಅಡಿ ಸುರುಳಿಯನ್ನು ಬಚ್ಚಿಡಲು ನನಗೆ ಜಾಗ ಸಿಗುತ್ತಿರಲಿಲ್ಲ.

ತೆಗೆದದ್ದು ಹೀಗೆ. ಸೇರಿಸಿದ್ದು ಇನ್ನೊಂದು. ರೂಪಕಕ್ಕೆ ತೂಬಿನ ನೀರಿನ ಸದ್ದು ಬೇಕಾಗಿತ್ತು. ನಮ್ಮ ಕೆರೆ ೨೦೨೧ರ ನವೆಂಬರ್ ಮಳೆಯಲ್ಲಿ ಜಿಲ್ಲೆಯ ಇತರ ಕೆರೆಗಳಂತೆ ತುಂಬಿ ಕೋಡಿ ಹರಿದಿತ್ತು. ಆದರೆ ಕಾಲುವೆಯೇ ಮುಚ್ಚಿಹೋಗಿದ್ದರಿಂದ ಆಗಲೂ ತೂಬನ್ನು ಎತ್ತಲಿಲ್ಲ. ಈಗಂತೂ ಅಂಗಳದಲ್ಲಿ ಕುರಿ ಮೇಯುತ್ತವೆ. ಹಾಗಾಗಿ ಗೆಳತಿಯ ತೋಟದಲ್ಲಿ ಕೊಳವೆಬಾವಿಯ ನೀರು ತೊಟ್ಟಿಗೆ ಬೀಳುವುದನ್ನು ಮುದ್ರಿಸಿಕೊಂಡು, ತಾತ ತೂಬೆತ್ತುವ ಬಗೆಯನ್ನು ವಿವರಿಸುವ ಕಡೆ ಕೆಳಗೆ ಹಾಸಿದೆವು. ಬಹಳ ಚೆನ್ನಾಗಿ ಕೂತಿತು. ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು.

ಒಪ್ಪಿಸುವುದಕ್ಕೆ ಎರಡು ದಿನ ಮುಂಚೆ ಮನೆಯ ಜಗುಲಿಯಲ್ಲಿ ಎಲ್ಲರಿಗೂ ಕೇಳಿಸಿದೆ. ನಿರೂಪಣೆಯಲ್ಲಿ ಗೆಳತಿ "ಇವರು ನಲವತ್ತು ವರ್ಷ ಈ ಕೆರೆಯ ನೀರುಗಂಟಿಯಾಗಿದ್ದವರು" ಎಂದಾಗ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಯಾರ್ನ ಹೇಳ್ತಾವ್ಳೆ?" ಎಂದ ತಾತ. ಊರಿನಲ್ಲಿ ಅವನನ್ನು ಬಹುವಚನದಲ್ಲಿ ಕರೆದವರಿಲ್ಲ. ಮನೆಯಲ್ಲಿ ನಾವೂ ಸಲಿಗೆಯಿಂದ ಏಕವಚನವನ್ನೇ ಬಳಸುತ್ತೇವೆ, ಈ ಲೇಖನದಲ್ಲಿಯೂ ಅದೇ ಕೈಗೆ ಬಂತು. "ನಿನ್ನನ್ನೇ ತಾತ" ಎಂದೆ. ಸುಮ್ಮನೆ ತಲೆ ಅಲ್ಲಾಡಿಸಿದ.

ತೂಬಿನ ಭಾಗ ಬಂತು. ನೀರಿನ ಸದ್ದು ಆರಂಭವಾದ ಕೂಡಲೆ ತಾತ ಕೈ ಎತ್ತಿದ. ನಿಲ್ಲಿಸಿದೆ.

"ಇದು ಕೆರೆ ನೀರು ಅಲ್ಲಪ್ಪ. ಬೋರ್ ನೀರು."

"ಹೆಂಗೆ ಗೊತ್ತಾಯ್ತು ತಾತ?"

"ಕೆಮ್ಮತೈತೆ ನೋಡು. ಕೆರೆ ನೀರು ಕೆಮ್ಮಲ್ಲ."

ಮತ್ತೆ ಕೇಳಿದೆ. ನೀರು ಸಾಲದ ಬಾವಿ, ಗಾಳಿ ನೀರು ಸೇರಿ ಬಿಟ್ಟು ಬಿಟ್ಟು ಉಗುಳುತ್ತಿತ್ತು. ಹೆಡ್‌ಫೋನು ಹಾಕಿಕೊಂಡು ನಾಲ್ವರು ನಾಲ್ಕು ದಿನ ಕೇಳಿದ್ದರೂ ನಮ್ಮ ಕಿವಿಗೆ ಅದು ಬಿದ್ದಿರಲಿಲ್ಲ.

ಉಳಿದದ್ದನ್ನು ಕೊನೆಯವರೆಗೆ ಕೇಳಿದ. ಮುಗಿದ ಮೇಲೆ, "ಕಣದ ಮಾತು ಏನಾಯ್ತು?" ಎಂದ. ಹೊತ್ತು ಸಾಲಲಿಲ್ಲವೆಂದು ಸುಳ್ಳು ಹೇಳಿದೆ. ತಾತ ನನ್ನ ಮುಖವನ್ನೇ ನೋಡಿದ. "ಅಲ್ಲಿ ನಿಂತಿದ್ದೋನು ನಾನು. ನಾಚ್ಕೆ ನಿನ್ಗಾ?" ಎಂದು ಕೇಳಿ ಎದ್ದು ಒಳಗೆ ಹೋದ.

ಮರುದಿನ ಗೆಳೆಯರಿಗೆ ಎರಡನ್ನೂ ಹೇಳಿದೆ. ೪೮ ಸೆಕೆಂಡಿನ ವಿಚಾರದಲ್ಲಿ ಚರ್ಚೆಯೇ ಆಗಲಿಲ್ಲ. ಅದು ಮತ್ತೆ ಸೇರಬೇಕೆಂದು ಮೂವರೂ ಒಂದೇ ಮಾತಿಗೆ ಹೇಳಿದರು, ಕದ್ದು ತೆಗೆದದ್ದಕ್ಕೆ ಬೈಗಳೂ ಬಿದ್ದವು. ವಾದ ಹುಟ್ಟಿದ್ದು ನೀರಿನ ಸದ್ದಿನ ಬಗ್ಗೆ. ಗೆಳತಿಯ ವಾದ ಹೀಗೆ: ಬಾನುಲಿಯಲ್ಲಿ ಸದ್ದು ಯಾವಾಗ ನಿಜವಾಗಿತ್ತು? ಎರಡು ತೆಂಗಿನ ಚಿಪ್ಪು ಕುಟ್ಟಿದರೆ ಕುದುರೆ ಓಡುತ್ತದೆ, ತಗಡು ಅಲ್ಲಾಡಿಸಿದರೆ ಗುಡುಗುತ್ತದೆ, ಗರಿಗರಿ ಕಾಗದವನ್ನು ಹಿಚುಕಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಕೇಳುವವನ ಮನಸ್ಸಿನಲ್ಲಿ ಚಿತ್ರ ಮೂಡಿದರಾಯಿತು. ಸಭಾಂಗಣದಲ್ಲಿ ಕುಳಿತವರಲ್ಲಿ ಬೋರಿನ ನೀರನ್ನು ಗುರುತಿಸುವವರು ಎಷ್ಟು ಜನ?

ನನಗೆ ಆಗ ಪಾಠದಲ್ಲಿ ಕೇಳಿದ್ದ ಅಮೆರಿಕದ ಪ್ರಸಂಗ ನೆನಪಾಯಿತು. ೧೯೩೮ರ ಅಕ್ಟೋಬರ್ ೩೦ರಂದು ಆರ್ಸನ್ ವೆಲ್ಸ್ ಮಂಗಳಗ್ರಹದವರ ದಾಳಿಯ ಕಾದಂಬರಿಯೊಂದನ್ನು ಬಾನುಲಿಯಲ್ಲಿ ವಾರ್ತೆಯ ರೀತಿಯಲ್ಲಿ ಪ್ರಸಾರಮಾಡಿದರು. ಕೆಲವರು ಅದನ್ನು ನಿಜವೆಂದೇ ನಂಬಿದರು. ಪತ್ರಿಕೆಗಳು ಬರೆದಷ್ಟು ದೊಡ್ಡ ಗಾಬರಿಯೇನೂ ಆಗಿರಲಿಲ್ಲವೆಂದು ಈಚಿನ ವಿದ್ವಾಂಸರು ಹೇಳುತ್ತಾರೆ. ಅದೇನೇ ಇರಲಿ, ನಾಟಕವೆಂದು ತಿಳಿದು ಕೇಳುವವನಿಗೆ ತೆಂಗಿನ ಚಿಪ್ಪಿನಿಂದ ಮೋಸವಾಗುವುದಿಲ್ಲ, ನಿಜವೆಂದು ತಿಳಿದು ಕೇಳುವವನಿಗೆ ಆಗುತ್ತದೆ ಎಂದು ನಾನು ವಾದಿಸಿದೆ. ಅದೂ ಅಲ್ಲದೆ, ಕೆರೆಯನ್ನು ಬತ್ತಿಸಿದ್ದರಲ್ಲಿ ಕೊಳವೆಬಾವಿಗೂ ಪಾಲುಂಟು. ಅದರ ನೀರನ್ನೇ ತಂದು ಕೆರೆಯ ಧ್ವನಿಯೆಂದು ಕೇಳಿಸುವುದು ನನಗೆ ಸರಿಕಾಣಲಿಲ್ಲ. ಗೆಳತಿ ಒಪ್ಪಲಿಲ್ಲ. ಇಂದಿಗೂ ಒಪ್ಪಿಲ್ಲ. "ನಿಮ್ಮ ತಾತನಿಗೆ ಬೇಡವಾಗಿದೆ, ಅದಕ್ಕೆ ತೆಗೆಯೋಣ. ನಿನ್ನ ವಾದಕ್ಕಾಗಿ ಅಲ್ಲ" ಎಂದು ಹೇಳಿಯೇ ತೆಗೆದಳು.

ತೆಗೆದ ಮೇಲೆ ಆ ಜಾಗಕ್ಕೆ ಏನು? ಟಿಪ್ಪಣಿಯ ಹಾಳೆಗಳನ್ನು ಮತ್ತೆ ತಿರುವಿದೆವು. ಮೂರನೆಯ ದಿನದ ಮುದ್ರಣದಲ್ಲಿ, ೩೭ನೆಯ ನಿಮಿಷದ ಎದುರು ನಾನೇ 'ತಾತ ಬಾಯಲ್ಲಿ ಏನೋ ಸದ್ದು ಮಾಡುತ್ತಾನೆ, ಬೇಡ' ಎಂದು ಬರೆದಿದ್ದೆ. ತೆರೆದು ಕೇಳಿದೆವು. ಏರಿಯ ಮೇಲೆ ನಿಂತು ತೂಬಿನ ಕಂಬಗಳನ್ನು ತೋರಿಸುತ್ತ, ಬಿರಡೆ ಎತ್ತಿದಾಗ ಕೆರೆ ಹೇಗೆ ಕೂಗುತ್ತಿತ್ತೆಂದು ಅವನೇ ಮಾಡಿ ತೋರಿಸಿದ್ದ. ಮೊದಲು ಗಂಟಲಿನಲ್ಲಿ ಗೊಳಕ್ ಗೊಳಕ್ ಎಂದು ಎರಡು ಸಲ. ತುಸು ತಡೆದು, ಎದೆಯ ಆಳದಿಂದ ಹೂಂ ಎಂದು ಒಂದೇ ಸಮನಾದ ಮೊಳಗು, ಉಸಿರು ಮುಗಿಯುವವರೆಗೆ. ಒಟ್ಟು ಹನ್ನೊಂದು ಸೆಕೆಂಡು. ಅದರ ಹಿಂದೆಯೇ ಕೆರೆಯಂಗಳದ ಬರಿಯ ಗಾಳಿ, ದೂರದಲ್ಲೆಲ್ಲೋ ಒಂದು ಕುರಿಯ ಕೂಗು. ಅದನ್ನು ಹಾಗೆಯೇ ಇಟ್ಟೆವು.

ಇದೆಲ್ಲ ಸೇರಿದಾಗ ರೂಪಕ ಹದಿನೈದು ನಿಮಿಷವನ್ನು ಮೀರಿತು. ಏನನ್ನಾದರೂ ಬಿಡಲೇಬೇಕಾಯಿತು. ಆರಂಭದಲ್ಲಿ ನಾನು ಬರೆದಿದ್ದ ಪೀಠಿಕೆಯೊಂದಿತ್ತು. ಕೆರೆಯನ್ನು ತಾಯಿಗೂ ಏರಿಯನ್ನು ಮಡಿಲಿಗೂ ಹೋಲಿಸಿ, ಎರಡು ರಾತ್ರಿ ಕುಳಿತು ತಿದ್ದಿದ್ದು. ಒಂದು ನಿಮಿಷ ಹತ್ತು ಸೆಕೆಂಡು. ಈ ಸ್ಮರಣಸಂಚಿಕೆಗೆ ಕೊಡುವಷ್ಟು ಚೆನ್ನಾಗಿದೆಯೆಂದು ನಾನು ನಂಬಿದ್ದ ಗದ್ಯ. ಅದು ಹೋಯಿತು. ರೂಪಕ ಈಗ ತಾತನ ಕೆಮ್ಮಿನಿಂದ ಆರಂಭವಾಗುತ್ತದೆ. ೧೪ ನಿಮಿಷ ೫೬ ಸೆಕೆಂಡಿಗೆ ಮುಗಿಯುತ್ತದೆ.

ಸಭಾಂಗಣದಲ್ಲಿ ಅದನ್ನು ಕೇಳಿಸಿದ ದಿನ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಕಣದ ಮಾತು ಬಂದಾಗ ತಲೆ ತಗ್ಗಿಸಬಾರದೆಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದೆ, ಆದರೂ ತಗ್ಗಿತು. ಮುಗಿದ ಮೇಲೆ ಅಧ್ಯಾಪಕರು ಧ್ವನಿಯ ಮಟ್ಟ ಎರಡು ಕಡೆ ಏರುಪೇರಾಗಿದೆಯೆಂದೂ ಅಂತ್ಯ ಅವಸರವಾಯಿತೆಂದೂ ಹೇಳಿದರು, ಎರಡೂ ನಿಜ. ಮೊದಲ ವರ್ಷದ ಒಬ್ಬ ಹುಡುಗ ಹೊರಗೆ ಬಂದು ನನ್ನನ್ನು ತಡೆದು, "ಅಣ್ಣ, ನಮ್ಮ ತಾತನೂ ಅದೇ ಕೆಲಸ" ಎಂದಷ್ಟೇ ಹೇಳಿ ಹೊರಟುಹೋದ. ಅವನ ಊರು ಯಾವುದೆಂದು ಕೇಳುವುದನ್ನು ಮರೆತೆ.

ಅಪ್ಪ ಕೂಲಿಗೆಂದು ಪ್ರತಿದಿನ ನಸುಕಿನಲ್ಲಿ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವನು. ಅವನ ಮೊಬೈಲಿಗೆ ಕಳುಹಿಸಿದ್ದೆ. ರೈಲಿನ ಗದ್ದಲದಲ್ಲಿ ಅರ್ಧ ಕೇಳಿಸಲಿಲ್ಲವಂತೆ. ತಾತನ ಹೂಂಕಾರ ಮಾತ್ರ ಚೆನ್ನಾಗಿ ಕೇಳಿಸಿತಂತೆ. ಎದುರು ಕುಳಿತವನು ಏನದು ಎಂದು ಕೇಳಿದನೆಂದೂ, ನಮ್ಮೂರ ಕೆರೆ ಎಂದು ಹೇಳಿದೆನೆಂದೂ ರಾತ್ರಿ ಬಂದು ಹೇಳಿದ.

ಮುದ್ರಿಸಿಕೊಂಡ ೪ ಗಂಟೆ ೨೦ ನಿಮಿಷದ ಮೂಲಧ್ವನಿಯನ್ನು ಅಳಿಸದೆ, ಟಿಪ್ಪಣಿಯ ಹಾಳೆಗಳ ಸಮೇತ ವಿಭಾಗದಲ್ಲಿ ಇಟ್ಟಿದ್ದೇವೆ. ಕೆಲಸಕ್ಕೆ ಬೇಕಾದವರು ತೆಗೆದುಕೊಳ್ಳಬಹುದು. ಆದರೆ ಅದರಲ್ಲಿ ಒಂದು ತಪ್ಪು ಉಳಿದಿದೆ. ಹಾಲುಗಾಳು ಕಟ್ಟುವಾಗ ಬಿರಡೆಯನ್ನು ನಾಲ್ಕು ಬೆರಳು ಎತ್ತಬೇಕೆಂದು ತಾತ ರೂಪಕದಲ್ಲಿ ಹೇಳುತ್ತಾನೆ. ಅಂಕಗಳೆಲ್ಲ ಬಂದಾದ ಮೇಲೆ, ಹೋದ ವಾರ, ರಾತ್ರಿ ಊಟಕ್ಕೆ ಕುಳಿತಿದ್ದಾಗ ಇದ್ದಕ್ಕಿದ್ದಂತೆ ನೆನಪಿಸಿಕೊಂಡು, ನಾಲ್ಕಲ್ಲ, ಎರಡೇ ಬೆರಳು, ನಾಲ್ಕೆತ್ತಿದರೆ ಪೈರು ಮಲಗಿಬಿಡುತ್ತದೆ, ಅದನ್ನು ಸರಿಮಾಡು ಎಂದ. ಒಪ್ಪಿಸಿ ಆಗಿದೆ, ಈಗ ಆಗುವುದಿಲ್ಲ ತಾತ ಎಂದರೆ ಕೇಳಲೊಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ: ಎರಡು ಬೆರಳು.